ರೇಖಾತ್ಮಕ ಸಮೀಕರಣ ಮತ್ತು ಅದರ ನಕ್ಷೆ: ಕೊಡಗಿನ ಮಕ್ಕಳೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗಿನ ಮಕ್ಕಳಿಗೆ, ಸಂಜೆ ಅವರ ಪಕ್ಕ ಕೂತು ಲೆಕ್ಕ ನೋಡುವ ಅಪ್ಪ ಅಮ್ಮಂದಿರಿಗೆ ಈ ಪುಟ. ಪಠ್ಯಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುವ ಚರಾಕ್ಷರಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಎಕ್ಸ್, ವೈ ಎಂದೇ ಬರೆದಿದ್ದೇವೆ. ಬಾಡಿಗೆ, ದರ ಇತ್ಯಾದಿ ಲೆಕ್ಕಕ್ಕೆಂದು ಹಿಡಿದ ಅಂಕಿಗಳು, ಇವತ್ತಿನ ಮಾರುಕಟ್ಟೆಯ ದರವಲ್ಲ.

ರೇಖಾತ್ಮಕ ಸಮೀಕರಣ ಅಂದರೆ ಏನು? ನೋಡಿದ ಕೂಡಲೇ ಗುರುತು ಹಿಡಿಯುವುದು ಹೇಗೆ?

ಚರಾಕ್ಷರದ ಘಾತ 1 ಮಾತ್ರ ಆಗಿರಬೇಕು, ಎರಡು ಚರಾಕ್ಷರ ಒಂದಕ್ಕೊಂದು ಗುಣಿಸಿಕೊಂಡಿರಬಾರದು, ಚರಾಕ್ಷರ ಛೇದದಲ್ಲಿ ಕೂತಿರಬಾರದು. ಈ ಮೂರನ್ನು ನೋಡಿದರೆ ಸಾಕು. ವೈ = 2ಎಕ್ಸ್ − 3 ರೇಖಾತ್ಮಕ. 2ಎಕ್ಸ್ + 3ವೈ = 12 ಕೂಡ ರೇಖಾತ್ಮಕ. 2(ಎಕ್ಸ್ + 3) = 5ವೈ ನೋಡಲು ಬೇರೆ ಥರ ಕಂಡರೂ ಆವರಣ ಬಿಡಿಸಿದರೆ ಅದೇ ಜಾತಿ. ಎಕ್ಸ್ × ವೈ = 6, ವೈ = 6/ಎಕ್ಸ್, ವೈ = ಎಕ್ಸ್‌ನ ವರ್ಗ, ಈ ಮೂರೂ ಅಲ್ಲ. ಎಕ್ಸ್/3 ಕಂಡು ಕೆಲವರು ಗಾಬರಿಯಾಗುತ್ತಾರೆ. ಅಲ್ಲಿ ಕೆಳಗಿರುವುದು 3, ಎಕ್ಸ್ ಅಲ್ಲ. ಹಾಗಾಗಿ ಅದು ರೇಖಾತ್ಮಕವೇ.

ಹೆಸರು ಬಂದಿದ್ದು ನಕ್ಷೆಯಿಂದ. ಇಂಥ ಸಮೀಕರಣದ ಪರಿಹಾರಗಳನ್ನೆಲ್ಲ ಬಿಂದುಗಳಾಗಿ ಗುರುತಿಸಿದರೆ ಅವು ಒಂದು ನೇರ ಗೆರೆಯಲ್ಲಿ ಬಂದು ಕೂರುತ್ತವೆ.

ಅಂಕಿಯ ಲೆಕ್ಕಕ್ಕೆ ಅಕ್ಷರ ಯಾಕೆ? ಎಕ್ಸ್, ವೈ ಅಂತಲೇ ಇರಬೇಕಾ?

ಬೇಕಿಲ್ಲ. ಗೊತ್ತಿಲ್ಲದ ಸಂಖ್ಯೆಗೆ ತಾತ್ಕಾಲಿಕ ಹೆಸರು ಅಷ್ಟೆ. 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಮೊದಲ ಅವ್ಯಕ್ತಕ್ಕೆ 'ಯಾವತ್ತಾವತ್' ಎನ್ನುವುದನ್ನು ಚಿಕ್ಕದು ಮಾಡಿ 'ಯಾ' ಎಂದೂ, ಮುಂದಿನವಕ್ಕೆ ಬಣ್ಣಗಳ ಹೆಸರು ಹಿಡಿದು 'ಕಾ' (ಕಾಲಕ), 'ನೀ' (ನೀಲಕ) ಎಂದೂ ಬರೆಯುತ್ತಿದ್ದರು. ಮಗುವಿಗೆ ಎಕ್ಸ್ ಕಂಡರೆ ಹೆದರಿಕೆಯಾದರೆ ಮೊದಲ ವಾರ 'ಕಿ' ಅಂದರೆ ಕಿಲೋಮೀಟರ್, 'ರೂ' ಅಂದರೆ ರೂಪಾಯಿ ಎಂದು ಬರೆಸಿ. ಪರೀಕ್ಷೆಗೆ ಮಾತ್ರ ಪ್ರಶ್ನೆಯಲ್ಲಿ ಕೊಟ್ಟ ಅಕ್ಷರವನ್ನೇ ಬಳಸಲಿ.

'ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ' ಎಂದು ಕಲಿಸಿದ್ದಾರೆ. ಆದರೂ ತಪ್ಪಾಗುವುದು ಯಾಕೆ?

ಆ ಮಾತು ಅರ್ಧ ಮಾತ್ರ ನಿಜ. ಅದನ್ನೇ ಮಂತ್ರದಂತೆ ಹಿಡಿದವರು ಹೆಚ್ಚು ತಪ್ಪು ಮಾಡುತ್ತಾರೆ. ಆಚೆ ಹೋಗುವುದು ಅಂತ ಏನೂ ಇಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡುತ್ತೇವೆ.

ಕಣದಲ್ಲಿ ತಕ್ಕಡಿ ಕಟ್ಟಿದ್ದಾರೆ ಎಂದುಕೊಳ್ಳಿ. ಒಂದು ತಟ್ಟೆಯಲ್ಲಿ ಒಂದೇ ತೂಕದ 3 ಮೂಟೆ ಕಾಫಿ ಮತ್ತು 5 ಕೆ.ಜಿ.ಯ ಒಂದು ತೂಕದ ಕಲ್ಲು. ಇನ್ನೊಂದರಲ್ಲಿ 155 ಕೆ.ಜಿ. ಕಲ್ಲು. ತಕ್ಕಡಿ ಸಮ ನಿಂತಿದೆ. 3ಎಕ್ಸ್ + 5 = 155. ಎರಡೂ ತಟ್ಟೆಯಿಂದ 5 ಕೆ.ಜಿ. ತೆಗೆದರೆ ತಕ್ಕಡಿ ಅಲ್ಲಾಡದು: 3ಎಕ್ಸ್ = 150. ಈಗ ಎರಡೂ ಕಡೆ ಮೂರನೇ ಒಂದು ಭಾಗ ಉಳಿಸಿಕೊಳ್ಳಿ: ಎಕ್ಸ್ = 50.

ತಪ್ಪು ಆಗುವುದು ಎರಡನೇ ಹೆಜ್ಜೆಯಲ್ಲಿ. '3 ಆಚೆ ಹೋಯಿತು, ಚಿಹ್ನೆ ಬದಲಾಯಿತು' ಎಂದು 150 − 3 = 147 ಬರೆಯುತ್ತಾರೆ. 3 ಎಕ್ಸ್‌ಗೆ ಕೂಡಿಕೊಂಡಿಲ್ಲ, ಗುಣಿಸಿಕೊಂಡಿದೆ. ಕೂಡಿದ್ದನ್ನು ಕಳೆದು ಬಿಡಿಸಬೇಕು, ಗುಣಿಸಿದ್ದನ್ನು ಭಾಗಿಸಿ ಬಿಡಿಸಬೇಕು. −2ಎಕ್ಸ್ = 8 ಬಂದರೆ −2ರಿಂದಲೇ ಭಾಗಿಸಬೇಕು, ಉತ್ತರ −4. ಇಲ್ಲಿ 4 ಎಂದು ಬರೆಯುವವರು, 10 ಎಂದು ಬರೆಯುವವರು ಇಬ್ಬರೂ ಸಿಗುತ್ತಾರೆ. ಮೊದಲನೆಯವರು ಚಿಹ್ನೆಯನ್ನು ಮರೆತವರು, ಎರಡನೆಯವರು ಗುಣಾಕಾರವನ್ನೇ ಮರೆತವರು. ಮಗು ಯಾವ ತಪ್ಪು ಮಾಡಿದೆ ಎಂದು ನೋಡಿ ತಿದ್ದಿದರೆ ಅರ್ಧ ಗಂಟೆ ಉಳಿಯುತ್ತದೆ.

ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡುವ ರೂಢಿ ಇಲ್ಲಿಂದಲೇ ಶುರುವಾಗಲಿ: 3 × 50 + 5 = 155. ಸರಿ ಹೋಯಿತು.

ಎರಡು ಚರಾಕ್ಷರ ಇದ್ದರೆ ಒಂದೇ ಉತ್ತರ ಯಾಕೆ ಬರುವುದಿಲ್ಲ?

ಎಕ್ಸ್ + ವೈ = 5 ಎಂದರೆ ಕೂಡಿದರೆ 5 ಬರುವ ಎರಡು ಸಂಖ್ಯೆ. 1 ಮತ್ತು 4 ಆಗುತ್ತದೆ, 2 ಮತ್ತು 3 ಆಗುತ್ತದೆ, 7 ಮತ್ತು −2 ಆಗುತ್ತದೆ, 2.5 ಮತ್ತು 2.5 ಕೂಡ ಆಗುತ್ತದೆ. ಲೆಕ್ಕವಿಲ್ಲದಷ್ಟು ಜೋಡಿ. ಪ್ರತಿ ಜೋಡಿಯನ್ನೂ (1, 4) ಹೀಗೆ ಆವರಣದಲ್ಲಿ, ಎಕ್ಸ್ ಮೊದಲು, ವೈ ಆಮೇಲೆ ಬರೆಯುತ್ತೇವೆ. ಇದೇ ಕ್ರಮಯುಗ್ಮ. ಎಲ್ಲವನ್ನೂ ಪಟ್ಟಿ ಮಾಡಲು ಆಗದ್ದರಿಂದಲೇ ಗೆರೆ ಬೇಕಾಯಿತು. ಗೆರೆಯ ಮೇಲಿನ ಪ್ರತಿ ಬಿಂದುವೂ ಒಂದು ಉತ್ತರ, ಗೆರೆಯ ಹೊರಗಿನ ಯಾವ ಬಿಂದುವೂ ಉತ್ತರವಲ್ಲ. ಈ ಒಂದು ವಾಕ್ಯ ತಲೆಗೆ ಹೋದರೆ ಮುಂದಿನ ಪಾಠ ಮುಕ್ಕಾಲು ಮುಗಿದ ಹಾಗೆ.

ಸಮೀಕರಣವನ್ನೂ ಚಿತ್ರವನ್ನೂ ಹೀಗೆ ಜೋಡಿಸುವ ದಾರಿಯನ್ನು ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದರು. ಈ ಪದ್ಧತಿಗೆ ಇರುವ 'ಕಾರ್ಟೀಸಿಯನ್' ಎಂಬ ಹೆಸರು ಬಂದದ್ದು ಅವರ ಹೆಸರಿನಿಂದಲೇ.

'ನಕ್ಷೆ' ಅಂದರೆ ಮ್ಯಾಪ್ ಅಲ್ಲವಾ?

ಅದೂ ಹೌದು. ಗಣಿತದ ಪುಸ್ತಕದಲ್ಲಿ ನಕ್ಷೆ ಎಂದರೆ ಗ್ರಾಫ್. ಗೊಂದಲವೇನೂ ಬೇಡ, ಕೆಲಸ ಒಂದೇ. ಊರಿನ ನಕ್ಷೆಯಲ್ಲಿ ಅಡ್ಡ ಎಷ್ಟು, ಉದ್ದ ಎಷ್ಟು ಎಂದು ಜಾಗ ಹುಡುಕುತ್ತೇವಲ್ಲ, ಹಾಗೇ ಇಲ್ಲೂ.

ಮೊದಲಿನಿಂದ ಕೊನೆವರೆಗೆ ಒಂದು ನಕ್ಷೆ ಎಳೆದು ತೋರಿಸಿ.

ವೈ = 2ಎಕ್ಸ್ − 3 ತೆಗೆದುಕೊಳ್ಳೋಣ.

ಮೊದಲು ಕೋಷ್ಟಕ. ಎಕ್ಸ್‌ಗೆ ನಾವೇ ಬೆಲೆ ಆರಿಸಬಹುದು. ಒಂದು ಋಣ ಸಂಖ್ಯೆ, ಸೊನ್ನೆ, ಒಂದೆರಡು ಧನ ಸಂಖ್ಯೆ ಇದ್ದರೆ ಒಳ್ಳೆಯದು.

ಎಕ್ಸ್ = −1 ಆದಾಗ ವೈ = 2 × (−1) − 3 = −5
ಎಕ್ಸ್ = 0 ಆದಾಗ ವೈ = −3
ಎಕ್ಸ್ = 2 ಆದಾಗ ವೈ = 1
ಎಕ್ಸ್ = 4 ಆದಾಗ ವೈ = 5

ಇನ್ನು ಹಾಳೆ. ಸಾಮಾನ್ಯ ಗ್ರಾಫ್ ಹಾಳೆಯಲ್ಲಿ ದಪ್ಪ ಗೆರೆಯ ಚೌಕ 1 ಸೆಂ.ಮೀ., ಅದರೊಳಗಿನ ಸಣ್ಣ ಚೌಕ 1 ಮಿ.ಮೀ. ನಮ್ಮ ಬೆಲೆಗಳು −5ರಿಂದ 5ರವರೆಗೆ ಇರುವುದರಿಂದ ಎರಡೂ ಅಕ್ಷಕ್ಕೆ (ಅಡ್ಡ ಗೆರೆ ಎಕ್ಸ್-ಅಕ್ಷ, ಲಂಬ ಗೆರೆ ವೈ-ಅಕ್ಷ) 1 ಸೆಂ.ಮೀ. = 1 ಮೂಲಮಾನ ಸಾಕು. ಅಕ್ಷಗಳನ್ನು ದಪ್ಪ ಗೆರೆಗಳ ಮೇಲೆಯೇ ಎಳೆಯಿರಿ. ಸಣ್ಣ ಗೆರೆಯ ಮೇಲೆ ಎಳೆದರೆ ಎಣಿಕೆಯೆಲ್ಲ ಒಂದೆರಡು ಮಿಲಿಮೀಟರ್ ಜಾರುತ್ತದೆ. ಎರಡೂ ಅಕ್ಷ ಕೂಡುವಲ್ಲಿ 0 ಬರೆಯಿರಿ, ಅದೇ ಮೂಲಬಿಂದು. ಬಲಕ್ಕೆ ಮತ್ತು ಮೇಲಕ್ಕೆ ಧನ, ಎಡಕ್ಕೆ ಮತ್ತು ಕೆಳಕ್ಕೆ ಋಣ. ಅಕ್ಷದ ತುದಿಗಳಲ್ಲಿ ಬಾಣ, ಪಕ್ಕದಲ್ಲಿ ಅಕ್ಷದ ಹೆಸರು, ಹಾಳೆಯ ಬಲ ಮೂಲೆಯಲ್ಲಿ ಪ್ರಮಾಣ, ಅಂದರೆ 1 ಸೆಂ.ಮೀ.ಗೆ ಎಷ್ಟು ಎಂಬುದು.

ಬಿಂದು ಗುರುತಿಸುವಾಗ ಪ್ರತಿ ಸಲವೂ ಪೆನ್ಸಿಲ್ ಮೂಲಬಿಂದುವಿನಿಂದಲೇ ಹೊರಡಲಿ. (2, 1)ಕ್ಕೆ ಬಲಕ್ಕೆ 2, ಅಲ್ಲಿಂದ ಮೇಲಕ್ಕೆ 1. (−1, −5)ಕ್ಕೆ ಎಡಕ್ಕೆ 1, ಅಲ್ಲಿಂದ ಕೆಳಕ್ಕೆ 5. ಹಿಂದಿನ ಬಿಂದುವಿನಿಂದ ಎಣಿಸುತ್ತಾ ಹೋದರೆ ಕೆಲಸ ಕೆಡುತ್ತದೆ. ಬಿಂದುವನ್ನು ಚುಕ್ಕಿಯಾಗಿಟ್ಟು ಸುತ್ತ ಸಣ್ಣ ವೃತ್ತ ಹಾಕಿ, ಪಕ್ಕದಲ್ಲಿ ನಿರ್ದೇಶಾಂಕ ಬರೆಯಿರಿ.

ಕೊನೆಗೆ ಸ್ಕೇಲ್ ಇಟ್ಟು ನಾಲ್ಕೂ ಬಿಂದುವಿನ ಮೂಲಕ ಒಂದೇ ಎಳೆತದಲ್ಲಿ ಗೆರೆ. ಕೊನೆಯ ಬಿಂದುವಿನಲ್ಲಿ ನಿಲ್ಲಿಸಬೇಡಿ, ಆಚೆಗೂ ಒಂದಿಷ್ಟು ಎಳೆದು ಎರಡೂ ಕಡೆ ಬಾಣ ಹಾಕಿ, ಗೆರೆಯ ಮೇಲೆ ಸಮೀಕರಣ ಬರೆಯಿರಿ.

ಪೆನ್ಸಿಲ್ ಮೊನೆ ಚೂಪಾಗಿರಬೇಕು. ದಪ್ಪ ಮೊನೆಯ ಗೆರೆಯೇ 1 ಮಿ.ಮೀ. ಆದರೆ ಛೇದಕ ಬಿಂದು ಎಲ್ಲಿದೆ ಎಂದು ಓದುವುದೇ ಕಷ್ಟ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಗ್ರಾಫ್ ಹಾಳೆ ತೇವ ಹೀರಿ ಅಲೆಅಲೆಯಾಗುತ್ತದೆ, ಸ್ಕೇಲ್ ಸರಿಯಾಗಿ ಕೂರುವುದಿಲ್ಲ, ರಬ್ಬರ್ ಉಜ್ಜಿದರೆ ಹಾಳೆಯೇ ಕಿತ್ತು ಬರುತ್ತದೆ. ಆ ತಿಂಗಳು ಹಾಳೆಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ದಪ್ಪ ರಟ್ಟಿನ ಮೇಲೆ ಇಟ್ಟುಕೊಂಡು ಬರೆಯುವುದು ಮೇಲು.

ಗೆರೆ ಎಳೆಯಲು ಎರಡು ಬಿಂದು ಸಾಕಲ್ಲ? ಮೂರನೆಯದು ಯಾಕೆ?

ಎಳೆಯಲು ಎರಡೇ ಸಾಕು. ಮೂರನೆಯದು ಕಾವಲಿಗೆ. ಎರಡು ಬಿಂದುಗಳಲ್ಲಿ ಒಂದು ತಪ್ಪಿದ್ದರೂ ಅವುಗಳ ನಡುವೆ ಚೆಂದದ ನೇರ ಗೆರೆ ಬಂದೇ ಬರುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಮೂರನೆಯದು ಗೆರೆಯಿಂದ ಆಚೆ ಹೋದರೆ ಎಲ್ಲೋ ಎಡವಿದ್ದೇವೆ ಎಂದು ತಕ್ಷಣ ತಿಳಿಯುತ್ತದೆ.

ಹೀಗೆ ಎಡವುವ ಜಾಗ ಹೆಚ್ಚಾಗಿ ಒಂದೇ: ಋಣ ಬೆಲೆಯನ್ನು ಆದೇಶಿಸುವಾಗ, ಅಂದರೆ ಚರಾಕ್ಷರದ ಜಾಗದಲ್ಲಿ ಹಾಕುವಾಗ. ವೈ = 4 − 3ಎಕ್ಸ್‌ನಲ್ಲಿ ಎಕ್ಸ್ = −2 ಹಾಕಿದರೆ 4 − 3 × (−2) = 4 + 6 = 10. ಆವರಣ ಹಾಕದವರು 4 − 6 = −2 ಎಂದು ಬರೆದು ಮುಂದೆ ಹೋಗುತ್ತಾರೆ. ಋಣ ಸಂಖ್ಯೆಯನ್ನು ಆವರಣವಿಲ್ಲದೆ ಬರೆಯುವುದೇ ಇಲ್ಲ ಎಂದು ನಿಯಮ ಮಾಡಿಕೊಳ್ಳಿ.

ಕೋಷ್ಟಕದಲ್ಲಿ ಭಿನ್ನರಾಶಿ ಬಂದರೆ ಏನು ಮಾಡುವುದು?

ಅದು ತಪ್ಪಲ್ಲ, ಗುರುತಿಸಲು ಕಿರಿಕಿರಿ ಅಷ್ಟೆ. ಬೆಲೆಯನ್ನು ಜಾಣತನದಿಂದ ಆರಿಸಿದರೆ ತಪ್ಪಿಸಿಕೊಳ್ಳಬಹುದು. 3ಎಕ್ಸ್ − 2ವೈ = 4 ಕೊಟ್ಟಿದ್ದಾರೆ. ಮೊದಲು ವೈ ಅನ್ನು ಒಂಟಿ ಮಾಡಿ: −2ವೈ = −3ಎಕ್ಸ್ + 4, ಎಲ್ಲ ಪದವನ್ನೂ −2ರಿಂದ ಭಾಗಿಸಿದರೆ ವೈ = 3ಎಕ್ಸ್/2 − 2. ಛೇದ 2 ಇರುವುದರಿಂದ ಎಕ್ಸ್‌ಗೆ ಸಮಸಂಖ್ಯೆ ಮಾತ್ರ ಹಾಕಿ: 0ಕ್ಕೆ −2, 2ಕ್ಕೆ 1, 4ಕ್ಕೆ 4. ಛೇದ 3 ಇದ್ದರೆ 3ರ ಅಪವರ್ತ್ಯ. ಇಲ್ಲಿನ ಹಳೇ ತಪ್ಪು ಎಂದರೆ ಮೊದಲ ಪದವನ್ನು ಮಾತ್ರ ಭಾಗಿಸಿ 4ನ್ನು ಹಾಗೇ ಬಿಡುವುದು.

ಇನ್ನೊಂದು ಅಡ್ಡದಾರಿ ಇದೆ, 2ಎಕ್ಸ್ + 3ವೈ = 12ರಂಥವಕ್ಕೆ ಚೆನ್ನಾಗಿ ಒಗ್ಗುತ್ತದೆ. ಎಕ್ಸ್ = 0 ಮಾಡಿ: ವೈ = 4. ವೈ = 0 ಮಾಡಿ: ಎಕ್ಸ್ = 6. ಬಿಂದುಗಳು (0, 4) ಮತ್ತು (6, 0). ಕಾವಲಿಗೆ (3, 2). 'ಎಕ್ಸ್ ಸೊನ್ನೆ' ಎಂದ ಬಿಂದುವನ್ನು ಎಕ್ಸ್-ಅಕ್ಷದ ಮೇಲೆ ಇಡುವವರು ಬಹಳ. ಎಕ್ಸ್ ಸೊನ್ನೆ ಎಂದರೆ ಬಲಕ್ಕೂ ಹೋಗಬೇಡ, ಎಡಕ್ಕೂ ಹೋಗಬೇಡ ಎಂದರ್ಥ. ಹಾಗಾಗಿ ಆ ಬಿಂದು ವೈ-ಅಕ್ಷದ ಮೇಲೇ ಇರಬೇಕು.

ದೊಡ್ಡ ಸಂಖ್ಯೆ ಇದ್ದರೆ ಪ್ರಮಾಣ ಹೇಗೆ ಆರಿಸುವುದು?

ಒಂದು ಜೀಪಿನ ಬಾಡಿಗೆ: ಹತ್ತಿದ್ದಕ್ಕೆ 200 ರೂಪಾಯಿ, ಆಮೇಲೆ ಕಿಲೋಮೀಟರಿಗೆ 30 ರೂಪಾಯಿ. ದೂರ ಎಕ್ಸ್ ಕಿ.ಮೀ., ಬಾಡಿಗೆ ವೈ ರೂಪಾಯಿ ಆದರೆ ವೈ = 30ಎಕ್ಸ್ + 200. 0 ಕಿ.ಮೀ.ಗೆ 200, 10ಕ್ಕೆ 500, 20ಕ್ಕೆ 800.

ಇಲ್ಲಿ 1 ಸೆಂ.ಮೀ. = 1 ರೂಪಾಯಿ ಎಂದರೆ ಎಂಟು ಮೀಟರ್ ಉದ್ದದ ಹಾಳೆ ಬೇಕು! ಅತಿ ದೊಡ್ಡ ಬೆಲೆಯನ್ನು ಹಾಳೆಯಲ್ಲಿ ಸಿಗುವ ಸೆಂಟಿಮೀಟರಿನಿಂದ ಭಾಗಿಸಿ, ಬಂದದ್ದನ್ನು ಮೇಲಿನ ಸುಲಭ ಸಂಖ್ಯೆಗೆ ಏರಿಸಿ. ವೈ-ಅಕ್ಷಕ್ಕೆ 1 ಸೆಂ.ಮೀ. = 100 ರೂಪಾಯಿ, ಎಕ್ಸ್-ಅಕ್ಷಕ್ಕೆ 1 ಸೆಂ.ಮೀ. = 2 ಕಿ.ಮೀ. ಎಂದಿಟ್ಟರೆ ಗೆರೆ ಅಡ್ಡಕ್ಕೆ 10 ಸೆಂ.ಮೀ., ಎತ್ತರಕ್ಕೆ 8 ಸೆಂ.ಮೀ.ನಲ್ಲಿ ಹಾಯಾಗಿ ಕೂರುತ್ತದೆ. 1, 2, 5, 10, 20, 50, 100 ಇಂಥ ಪ್ರಮಾಣ ಹಿಡಿಯಿರಿ. 3 ಅಥವಾ 7 ಹಿಡಿದರೆ ಸಣ್ಣ ಚೌಕದ ಬೆಲೆ ಲೆಕ್ಕ ಹಾಕುವುದರಲ್ಲೇ ತಲೆ ಕೆಡುತ್ತದೆ. ಎರಡು ಅಕ್ಷಕ್ಕೆ ಬೇರೆ ಬೇರೆ ಪ್ರಮಾಣ ಇರಬಹುದು, ಆದರೆ ಒಂದೇ ಅಕ್ಷದ ನಡುವೆ ಪ್ರಮಾಣ ಬದಲಿಸಬಾರದು. ಬದಲಿಸಿದರೆ ನೇರ ಗೆರೆ ಅಲ್ಲೇ ಮುರಿಯುತ್ತದೆ.

ಇಳಿಜಾರು ಎಂದರೇನು? ಮೇಲೆ ಹತ್ತುವ ಗೆರೆಗೂ ಇಳಿಜಾರು ಅನ್ನುವುದು ಹೇಗೆ?

ಕೇಳಲು ವಿಚಿತ್ರವೇ. 'ಪ್ರವಣತೆ' ಎಂಬ ಇನ್ನೊಂದು ಹೆಸರೂ ಉಂಟು. ಅರ್ಥ ಮಾತ್ರ ಸರಳ: ಎಕ್ಸ್ 1 ಹೆಚ್ಚಿದರೆ ವೈ ಎಷ್ಟು ಬದಲಾಗುತ್ತದೆ? ಜೀಪಿನಲ್ಲಿ ಒಂದು ಕಿಲೋಮೀಟರ್ ಹೆಚ್ಚಿದರೆ 30 ರೂಪಾಯಿ ಹೆಚ್ಚು. ಇಳಿಜಾರು 30. ವೈ = 30ಎಕ್ಸ್ + 200ರಲ್ಲಿ ಅದು ಎಕ್ಸ್‌ನ ಸಹಗುಣಕವಾಗಿ, ಅಂದರೆ ಅದಕ್ಕೆ ಗುಣಿಸಿಕೊಂಡ ಸಂಖ್ಯೆಯಾಗಿ, ಎದುರಿಗೇ ಕೂತಿದೆ. 200 ಎನ್ನುವುದು ಗೆರೆ ವೈ-ಅಕ್ಷವನ್ನು ಕಡಿಯುವ ಜಾಗ, ಅಂದರೆ ಒಂದಡಿಯೂ ಹೋಗದೆ ಕೊಡಬೇಕಾದ ಹಣ.

ಎರಡು ಬಿಂದು ಕೊಟ್ಟಿದ್ದರೆ: ವೈಗಳ ವ್ಯತ್ಯಾಸವನ್ನು ಎಕ್ಸ್‌ಗಳ ವ್ಯತ್ಯಾಸದಿಂದ ಭಾಗಿಸಿ. (10, 500), (20, 800) ಆದರೆ 300 ÷ 10 = 30. ಮೇಲೆ ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಕೆಳಗೂ ಅದೇ ಕ್ರಮದಲ್ಲಿ ಕಳೆಯಬೇಕು. ಕ್ರಮ ಅದಲುಬದಲಾದರೆ ಚಿಹ್ನೆ ತಿರುಗುತ್ತದೆ.

ಮಕ್ಕಳು ಕೇಳುವ ಒಳ್ಳೆಯ ಪ್ರಶ್ನೆ ಒಂದಿದೆ: ಸಂಪಾಜೆಯಿಂದ ಮಡಿಕೇರಿಗೆ ಹತ್ತಿದರೆ ಧನ, ಅದೇ ದಾರಿಯಲ್ಲಿ ಇಳಿದರೆ ಋಣವಾ? ಅಲ್ಲ. ನಕ್ಷೆಯಲ್ಲಿ ಗೆರೆಯನ್ನು ಯಾವಾಗಲೂ ಎಡದಿಂದ ಬಲಕ್ಕೆ ಓದುತ್ತೇವೆ. ಪಶ್ಚಿಮವನ್ನು ಎಡಕ್ಕಿಟ್ಟು ದಾರಿಯ ಎತ್ತರ ಬರೆದರೆ ಸಂಪಾಜೆಯಿಂದ ಮಡಿಕೇರಿವರೆಗೆ ಗೆರೆ ಒಟ್ಟಾರೆ ಏರುತ್ತದೆ, ಅಲ್ಲಿಂದ ಕುಶಾಲನಗರದ ಕಡೆಗೆ ಇಳಿಯುತ್ತದೆ. ನೀವು ಯಾವ ಬಸ್ಸಿನಲ್ಲಿ ಯಾವ ಕಡೆ ಹೋಗುತ್ತಿದ್ದೀರಿ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಇಳಿಜಾರು ಗೆರೆಯದ್ದು. (ನಿಜವಾದ ಘಾಟಿ ರಸ್ತೆ ನೇರ ಗೆರೆಯಲ್ಲ ಬಿಡಿ. ತಿರುವಿಗೊಂದು ಇಳಿಜಾರು ಇರುವುದರಿಂದಲೇ ಅದು ರೇಖಾತ್ಮಕವಲ್ಲ.)

ಚೌಕ ಎಣಿಸಿ ಇಳಿಜಾರು ತೆಗೆದೆ, ಉತ್ತರ ತಪ್ಪು ಬಂತು. ಯಾಕೆ?

ಎರಡು ಅಕ್ಷದ ಪ್ರಮಾಣ ಬೇರೆ ಇತ್ತು. ಜೀಪಿನ ನಕ್ಷೆಯನ್ನೇ ನೋಡಿ. ಗೆರೆ (0, 200)ರಿಂದ (20, 800)ಕ್ಕೆ ಹೋಗುವಾಗ ಹಾಳೆಯ ಮೇಲೆ ಬಲಕ್ಕೆ 10 ಸೆಂ.ಮೀ., ಮೇಲಕ್ಕೆ 6 ಸೆಂ.ಮೀ. ಹೋಗುತ್ತದೆ. ಚೌಕ ಎಣಿಸಿದರೆ 6/10, ಅಂದರೆ 0.6. ನಿಜವಾದ ಇಳಿಜಾರು 30. ಒಂದು ಚೌಕ ಮೇಲಕ್ಕೆ ಎಂದರೆ 100 ರೂಪಾಯಿ, ಒಂದು ಚೌಕ ಅಡ್ಡಕ್ಕೆ ಎಂದರೆ 2 ಕಿ.ಮೀ. ಹಾಗಾಗಿ 0.6ನ್ನು 100/2ರಿಂದ, ಅಂದರೆ 50ರಿಂದ ಗುಣಿಸಿದರೆ 30 ಸಿಗುತ್ತದೆ. ಇಷ್ಟೆಲ್ಲ ಸುತ್ತುವ ಬದಲು ಅಕ್ಷದ ಮೇಲಿನ ಬೆಲೆಗಳನ್ನು ಓದಿ ಕಳೆಯುವುದೇ ಲೇಸು.

ಇದೇ ಕಾರಣಕ್ಕೆ ಪತ್ರಿಕೆಯಲ್ಲಿ ಬರುವ ದರದ ಗ್ರಾಫನ್ನೂ ನಂಬಿ ಕೂರಬಾರದು. ವೈ-ಅಕ್ಷ ಹಿಗ್ಗಿಸಿದರೆ ಸಣ್ಣ ಏರಿಕೆಯೂ ಗೋಡೆಯಂತೆ ಕಾಣುತ್ತದೆ.

ಎಕ್ಸ್ = 3, ವೈ = −2 ಇವೂ ಗೆರೆಗಳಾ?

ಹೌದು. ಎಕ್ಸ್ = 3 ಎಂದರೆ ವೈ ಏನೇ ಇರಲಿ ಎಕ್ಸ್ ಮಾತ್ರ 3: (3, 0), (3, 5), (3, −4). ಲಂಬ ಗೆರೆ, ವೈ-ಅಕ್ಷಕ್ಕೆ ಸಮಾಂತರ. ವೈ = −2 ಅಡ್ಡ ಗೆರೆ. ಹೆಸರು ಎಕ್ಸ್ ಇದೆ ಎಂದು ಎಕ್ಸ್-ಅಕ್ಷದ ಜೊತೆ ಓಡುವ ಗೆರೆ ಎಳೆಯುವುದು ತಪ್ಪು. ಎರಡು ಬಿಂದು ಬರೆದುಕೊಂಡು ಎಳೆದರೆ ಈ ತಪ್ಪು ಆಗುವುದೇ ಇಲ್ಲ. ಅಡ್ಡ ಗೆರೆಯ ಇಳಿಜಾರು 0. ಲಂಬ ಗೆರೆಗೆ ಇಳಿಜಾರೇ ಇಲ್ಲ, ಯಾಕೆಂದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ.

ಕೆಲವು ಗೆರೆಗಳು ಮೂಲಬಿಂದುವಿನ ಮೂಲಕವೇ ಹೋಗುತ್ತವೆ. ಅವುಗಳಲ್ಲಿ ಏನು ವಿಶೇಷ?

ಅವು ಬಿಡಿ ಸಂಖ್ಯೆ (ಚರಾಕ್ಷರ ಜೊತೆಗಿಲ್ಲದ ಸಂಖ್ಯೆ) ಇಲ್ಲದವು. ನೇರ ಅನುಪಾತ. ಎಕ್ಸ್ ಎರಡು ಪಟ್ಟಾದರೆ ವೈ ಕೂಡ ಸರಿಯಾಗಿ ಎರಡು ಪಟ್ಟು.

ತೋಟದ ಮನೆಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ, ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ವೈ = 25.4ಎಕ್ಸ್. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಇಂಚಿನ ಲೆಕ್ಕದಲ್ಲಿ 1.5 ಬಿದ್ದರೆ 38.1 ಮಿ.ಮೀ. 0 ಇಂಚಿಗೆ 0 ಮಿ.ಮೀ., ಆದ್ದರಿಂದ ಗೆರೆ ಮೂಲಬಿಂದುವಿನಿಂದಲೇ ಹೊರಡುತ್ತದೆ.

ಕಾಫಿ ಚೆರ್ರಿಯ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ) ಔಟ್‌ಟರ್ನ್ ಲೆಕ್ಕವೂ ಇದೇ ಬಗೆ. 50 ಕೆ.ಜಿ. ಚೀಲದಲ್ಲಿ ಎಷ್ಟು ಕೆ.ಜಿ. ಬೇಳೆ ಸಿಗುತ್ತದೆ ಎಂಬುದೇ ಔಟ್‌ಟರ್ನ್. ಒಂದು ಕೆ.ಜಿ. ಬೇಳೆಗೆ 400 ರೂಪಾಯಿಯಂತೆ ಹಿಡಿದರೆ ವೈ = 400ಎಕ್ಸ್: 26 ಬಂದರೆ ಚೀಲಕ್ಕೆ 10,400, 28 ಬಂದರೆ 11,200. ಎರಡು ಪಾಯಿಂಟಿಗೆ 800 ರೂಪಾಯಿ ವ್ಯತ್ಯಾಸ ಯಾಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಇಳಿಜಾರು 400 ಎಂದು ಮಗು ಹೇಳಬಲ್ಲದು.

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಹೋಗುವ ವೈ = 1.8ಎಕ್ಸ್ + 32 ಮಾತ್ರ ಹಾಗಲ್ಲ. 15 ಡಿಗ್ರಿಗೆ 59, 30 ಡಿಗ್ರಿಗೆ 86. ಸೆಲ್ಸಿಯಸ್ ಎರಡು ಪಟ್ಟಾಯಿತು, ಫ್ಯಾರನ್‌ಹೀಟ್ ಆಗಲಿಲ್ಲ. ಗೆರೆ ನೇರವೇ, ಆದರೆ ಅನುಪಾತವಲ್ಲ.

ಗೆರೆಗೆ ಕೊನೆ ಇಲ್ಲ ಅಂತೀರಿ. ನಿಜಜೀವನದ ಲೆಕ್ಕದಲ್ಲಿ ಅದು ಹೇಗೆ?

ಅಲ್ಲಿ ಗೆರೆಯನ್ನು ಕತ್ತರಿಸಬೇಕು. 10,000 ಲೀಟರ್ ಟ್ಯಾಂಕಿನಿಂದ ಪಂಪು ಗಂಟೆಗೆ 400 ಲೀಟರ್ ಎಳೆಯುತ್ತಿದೆ: ವೈ = 10000 − 400ಎಕ್ಸ್. 25 ಗಂಟೆಗೆ ಟ್ಯಾಂಕು ಖಾಲಿ. 30 ಗಂಟೆ ಹಾಕಿದರೆ ಸಮೀಕರಣ −2000 ಲೀಟರ್ ಎನ್ನುತ್ತದೆ, ಟ್ಯಾಂಕು ಹಾಗೆನ್ನುವುದಿಲ್ಲ. ಆದ್ದರಿಂದ ಎಕ್ಸ್ 0ಯಿಂದ 25ರವರೆಗೆ ಮಾತ್ರ, ಗೆರೆಯ ತುದಿಗೆ ಬಾಣವೂ ಬೇಡ.

ಇನ್ನೊಂದು ವಿಷಯ. ಪಂಪಿನ ಬದಲು ಟ್ಯಾಂಕಿನ ತಳದ ನಲ್ಲಿ ಬಿಟ್ಟರೆ ಇದು ನೇರ ಗೆರೆಯೇ ಆಗುವುದಿಲ್ಲ. ನೀರು ಕಡಿಮೆಯಾದಂತೆ ಒತ್ತಡ ಕಡಿಮೆಯಾಗಿ ಹರಿವೂ ತಗ್ಗುತ್ತದೆ, ಗೆರೆ ಬಾಗುತ್ತದೆ. ಸಮಾನ ಹೊತ್ತಿಗೆ ಸಮಾನ ಬದಲಾವಣೆ ಇದ್ದರೆ ಮಾತ್ರ ರೇಖಾತ್ಮಕ. ಕೋಷ್ಟಕ ಕೊಟ್ಟು 'ಇದು ರೇಖಾತ್ಮಕವೇ?' ಎಂದು ಕೇಳಿದರೆ ನೋಡಬೇಕಾದ್ದೂ ಇದನ್ನೇ.

ಎರಡು ಸಮೀಕರಣ ಕೊಟ್ಟು 'ನಕ್ಷೆಯ ಮೂಲಕ ಬಿಡಿಸಿ' ಅಂದರೆ?

ಎರಡನ್ನೂ ಒಂದೇ ಅಕ್ಷಗಳ ಮೇಲೆ ಎಳೆಯಿರಿ. ಮೊದಲ ಗೆರೆಯ ಬಿಂದುಗಳೆಲ್ಲ ಮೊದಲ ಸಮೀಕರಣದ ಉತ್ತರ, ಎರಡನೆಯದರ ಬಿಂದುಗಳೆಲ್ಲ ಎರಡನೆಯದರ ಉತ್ತರ. ಎರಡಕ್ಕೂ ಉತ್ತರವಾಗಬೇಕಾದರೆ ಎರಡೂ ಗೆರೆಯ ಮೇಲಿರಬೇಕು, ಅಂದರೆ ಗೆರೆಗಳು ಛೇದಿಸುವ ಜಾಗ.

ಇನ್ನೊಬ್ಬ ಜೀಪಿನವರು ಹತ್ತಿದ್ದಕ್ಕೆ 500, ಕಿಲೋಮೀಟರಿಗೆ 15 ಎನ್ನುತ್ತಾರೆ: ವೈ = 15ಎಕ್ಸ್ + 500. 0ಗೆ 500, 10ಕ್ಕೆ 650, 20ಕ್ಕೆ 800. ಹಿಂದಿನ ನಕ್ಷೆಯ ಮೇಲೆಯೇ ಎಳೆದರೆ ಎರಡೂ (20, 800)ರಲ್ಲಿ ಕೂಡುತ್ತವೆ. 20 ಕಿ.ಮೀ.ಗಿಂತ ಹತ್ತಿರವಾದರೆ ಮೊದಲನೆಯವರು ಅಗ್ಗ, ದೂರವಾದರೆ ಎರಡನೆಯವರು. ಯಾವ ಗೆರೆ ಕೆಳಗಿದೆ ಎಂದು ನೋಡಿದರೆ ಸಾಕು.

ಪರೀಕ್ಷೆಯ ಮಾದರಿಗೆ: ಎಕ್ಸ್ + ವೈ = 5, 2ಎಕ್ಸ್ − ವೈ = 4. ಮೊದಲನೆಯದಕ್ಕೆ (0, 5), (5, 0), (1, 4). ಎರಡನೆಯದಕ್ಕೆ (0, −4), (2, 0), (4, 4). ಛೇದಿಸುವುದು (3, 2)ರಲ್ಲಿ. ಆದೇಶಿಸಿ ನೋಡಿ: 3 + 2 = 5, 6 − 2 = 4. ನಕ್ಷೆಯ ಕೆಳಗೆ 'ಎಕ್ಸ್ = 3, ವೈ = 2' ಎಂದು ಬರೆಯುವುದನ್ನು ಮರೆಯಬೇಡಿ. ಚೆಂದದ ನಕ್ಷೆ ಎಳೆದು ಉತ್ತರವನ್ನೇ ಬರೆಯದೆ ಎದ್ದು ಬರುವವರಿದ್ದಾರೆ.

ಗೆರೆಗಳು ಕೂಡಲೇ ಇಲ್ಲ! ನಾನು ತಪ್ಪು ಮಾಡಿದೆನಾ?

ಮಾಡಿರಬಹುದು, ಮಾಡದೆಯೂ ಇರಬಹುದು. ಸಹಗುಣಕಗಳ ಅನುಪಾತ ನೋಡಿ. 2ಎಕ್ಸ್ + 3ವೈ = 6 ಮತ್ತು 4ಎಕ್ಸ್ + 6ವೈ = 24: ಎಕ್ಸ್‌ಗಳದ್ದು 2/4, ವೈಗಳದ್ದು 3/6, ಎರಡೂ ಅರ್ಧ. ಬಿಡಿ ಸಂಖ್ಯೆಗಳದ್ದು 6/24, ಅಂದರೆ ಕಾಲು. ಮೊದಲ ಎರಡು ಸಮ, ಮೂರನೆಯದು ಬೇರೆ. ಗೆರೆಗಳು ಸಮಾಂತರ, ಪರಿಹಾರವೇ ಇಲ್ಲ. ಮೊದಲ ಸಮೀಕರಣದ ಬಲಗಡೆ 6ರ ಜಾಗದಲ್ಲಿ 12 ಇದ್ದಿದ್ದರೆ ಮೂರೂ ಅರ್ಧ, ಒಂದರ ಮೇಲೊಂದು ಕೂರುವ ಒಂದೇ ಗೆರೆ, ಅಪರಿಮಿತ ಪರಿಹಾರ. ಮೊದಲ ಎರಡೇ ಬೇರೆಯಾಗಿದ್ದರೆ ಒಂದೇ ಒಂದು ಛೇದಕ ಬಿಂದು ಇದ್ದೇ ಇದೆ. ಆಗಲೂ ಹಾಳೆಯಲ್ಲಿ ಕಾಣದಿದ್ದರೆ ಗೆರೆಗಳನ್ನು ಇನ್ನಷ್ಟು ಉದ್ದ ಮಾಡಿ ಅಥವಾ ಪ್ರಮಾಣ ಬದಲಿಸಿ.

ಛೇದಕ ಬಿಂದು ಚೌಕದ ನಡುವೆ ಎಲ್ಲೋ ಬಂತು. ಏನು ಬರೆಯುವುದು?

ನಕ್ಷೆಯಿಂದ ಓದಿದ ಉತ್ತರ ಅಂದಾಜು. 1 ಸೆಂ.ಮೀ. = 1 ಮೂಲಮಾನ ಇದ್ದರೆ 0.1ರವರೆಗೆ ಓದಬಹುದು, 7/3ರಂಥದ್ದನ್ನು ಕಣ್ಣಳತೆಯಲ್ಲಿ ಹೇಳಲಾಗದು. ವರ್ಜಿಸುವ ವಿಧಾನದಿಂದ (ಒಂದು ಚರಾಕ್ಷರವನ್ನು ತೆಗೆದುಹಾಕಿ) ಪಕ್ಕದಲ್ಲಿ ಒಮ್ಮೆ ಬಿಡಿಸಿ ನೋಡಿ. ನಕ್ಷೆಯಲ್ಲಿ 2.3 ಕಂಡು, ಲೆಕ್ಕದಲ್ಲಿ 7/3 ಬಂದರೆ ಸರಿ. ಪಠ್ಯದ ನಕ್ಷೆ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಪೂರ್ಣ ಸಂಖ್ಯೆಯೇ ಬರುವಂತೆ ಕೊಟ್ಟಿರುತ್ತಾರೆ. ಆದ್ದರಿಂದ ವಿಚಿತ್ರ ಭಿನ್ನರಾಶಿ ಬಂದರೆ ಮೊದಲು ಕೋಷ್ಟಕವನ್ನೇ ಅನುಮಾನಿಸಿ.

ಫೋನಿನಲ್ಲಿ ನಕ್ಷೆ ನೋಡಬಹುದಾ?

ಜಿಯೋಜೀಬ್ರಾ ಆ್ಯಪ್ ಉಚಿತ. ಸಮೀಕರಣ ಬರೆದ ಕೂಡಲೇ ಗೆರೆ ತೋರಿಸುತ್ತದೆ. ಒಂದೇ ಷರತ್ತು: ಮೊದಲು ಕೈಯಲ್ಲಿ ಎಳೆದು, ಆಮೇಲೆ ಹೋಲಿಸಿ. ಅದರಲ್ಲಿ ವೈ = 2ಎಕ್ಸ್ − 3ರ 2ನ್ನು 5 ಮಾಡಿ, −2 ಮಾಡಿ, 0 ಮಾಡಿ ನೋಡಲಿ. ಗೆರೆ (0, −3) ಎಂಬ ಗೂಟಕ್ಕೆ ಕಟ್ಟಿದಂತೆ ಸುತ್ತುತ್ತದೆ. ಆಮೇಲೆ 2ನ್ನು ಹಾಗೇ ಬಿಟ್ಟು −3ನ್ನು ಬದಲಿಸಲಿ. ಈಗ ಗೆರೆ ತಿರುಗದೆ ಮೇಲೆ ಕೆಳಗೆ ಮಾತ್ರ ಸರಿಯುತ್ತದೆ.